ಕಬ್ಬಿನ ಹಾಲಿಗೆ ಗಾಜಿನ ಸಾಕ್ಷಿ

ಸದ್ಭಕ್ತರ ಮನೆಗಳಲ್ಲಿ ಓದಲ್ಪಡುವ ಈ ಮಾಸಪತ್ರಿಕೆಯಲ್ಲಿ ಒಂದು ಗೇಣುದ್ದದ ನಳಿಗೆಯನ್ನು ಕೊಳ್ಳುವ ಬಗೆ ಹೇಗೆಂದು ನಾವು ಬರೆಯ ಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಮಂಡ್ಯದ ಸೀಮೆಯಲ್ಲಿ ಈ ಪತ್ರಿಕೆ ತಲಪುವ ಮನೆಗಳಲ್ಲಿ ಕಬ್ಬನ್ನು ನಂಬಿದವು ಎಷ್ಟೋ ಇವೆ. ಮಗಳ ಲಗ್ನ, ಮಗನ ಶುಲ್ಕ, ಸೊಸೈಟಿಯ ಸಾಲ ಎಲ್ಲವೂ ಕಬ್ಬು ಕಡಿಯುವ ದಿನಕ್ಕೆ ಕಾದು ಕುಳಿತಿರುತ್ತವೆ. ಆ ದಿನ ಯಾವುದೆಂದು ತಿಳಿಯುವ ಸಾಧನವನ್ನು ಕುರಿತು ಯೋಚಿಸುವುದು ಸಂಸಾರಸ್ಥರಿಗೆ ಅಪ್ರಕೃತವೇನಲ್ಲ.

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯನ್ನು ಹೊರಗಿನವರು ಬಲ್ಲುದು ಅಲ್ಲಿಯ ಪಂಚಲಿಂಗೇಶ್ವರ ದೇಗುಲದಿಂದ. ಹದಿಮೂರನೆಯ ಶತಮಾನದ ಹೊಯ್ಸಳರ ಕಾಲದ, ಸಾಲಾಗಿ ಐದು ಗರ್ಭಗುಡಿಗಳುಳ್ಳ ಆ ಕಟ್ಟಡವನ್ನು ನೋಡಲು ಬರುವವರು ದಾರಿಯ ಎರಡು ಬದಿಯ ಬೆಳೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ನಾವು ಮಾತ್ರ ಎರಡನ್ನೂ ನೋಡುತ್ತ ಬಂದವರು. ಅಲ್ಲಿಯ ನಾಲ್ಕು ಮನೆಗಳವರು ಸೇರಿ, ಒಬ್ಬೊಬ್ಬರು ಐದುನೂರು ರೂಪಾಯಿಯಂತೆ ಹಾಕಿ, ಕಬ್ಬಿನ ಸಿಹಿಯನ್ನು ಅಳೆಯುವ ರಿಫ್ರಾಕ್ಟೋಮೀಟರ್ ಒಂದನ್ನು ಕೊಳ್ಳಬೇಕೆಂದು ನಿಶ್ಚಯಿಸಿದರು. ರೈತರ ಬಾಯಲ್ಲಿ ಇದಕ್ಕೆ ಬ್ರಿಕ್ಸ್ ಮೀಟರು ಎಂಬ ಹೆಸರಿದೆ. ನಾವೂ ಹಾಗೆಯೇ ಕರೆಯುತ್ತೇವೆ. ಮಾರುವವರ ಕರಪತ್ರಗಳೆಲ್ಲ ಇಂಗ್ಲಿಷಿನಲ್ಲಿದ್ದುವಾದ್ದರಿಂದ ಅವುಗಳನ್ನು ಓದಿ ಹೇಳುವ ಭಾರ ನಮ್ಮ ಮೇಲೆ ಬಿತ್ತು.

ನಾಲ್ಕು ಮನೆಗಳಲ್ಲಿ ಒಂದರ ಸ್ಥಿತಿ ಬಹಳ ಸೂಕ್ಷ್ಮವಾಗಿತ್ತು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿದೆ. ಒಂದೂವರೆ ಎಕರೆ ಕಬ್ಬನ್ನು ಆ ತಾಯಿಯೇ ನೋಡಿಕೊಳ್ಳುತ್ತಾರೆ. ಕಾರ್ಖಾನೆಯೊಂದರ ಕಟಾವಿನ ಸರದಿ ಯಾವಾಗ ಬರುವುದೆಂಬ ಭರವಸೆಯಿಲ್ಲ. ಇತ್ತ ಆಲೆಮನೆಯವರು ಈ ವಾರವೇ ಕಡಿಸಿ, ಬೆಲ್ಲದಲ್ಲಿ ಪಾಲು ಕೊಡುತ್ತೇವೆ ಎಂದು ಒತ್ತಾಯಿಸುತ್ತಿದ್ದರು. ಮೈದುನನ ಮಾತಿನಂತೆ ಕಬ್ಬು ಬಲಿತಿತ್ತು, ಅಣ್ಣನ ಮಾತಿನಂತೆ ಇನ್ನೂ ಎಳೆಯದು. ಆಕೆ ನಮಗೆ ಹೇಳಿದ್ದು ಇಷ್ಟೆ: “ಅಯ್ನೋರೆ, ಇಬ್ರೂ ನಮ್ಮೋರೆ. ಯಾರ್ ಮಾತ್ ಕೇಳಿದ್ರೂ ಇನ್ನೊಬ್ರಿಗೆ ಬೇಜಾರು. ಯಾರ ಕಡೇದೂ ಅಲ್ದ ಸಾಕ್ಷಿ ಒಂದು ಬೇಕು ನಂಗೆ.”

ಹಿರಿಯರು ಕಬ್ಬಿನ ಬಲಿತವನ್ನು ತಿಳಿಯುತ್ತಿದ್ದ ಬಗೆಗಳು ಸುಳ್ಳೇನಲ್ಲ. ಕೆಳಗಿನ ಗರಿಗಳು ಹಳದಿಯಾಗುವುದು, ಬೆರಳಿನಿಂದ ತಟ್ಟಿದರೆ ಕಂಚಿನಂಥ ಸದ್ದು, ಬಾಗಿಸಿದಾಗ ಗೆಣ್ಣಿನಲ್ಲಿ ತಟಕ್ಕನೆ ಮುರಿಯುವುದು, ಓರೆಯಾಗಿ ಕೊಯ್ದ ತುಂಡನ್ನು ಬಿಸಿಲಿಗೆ ಹಿಡಿದರೆ ಹರಳು ಹೊಳೆದಂತೆ ಕಾಣುವುದು, ಇವೆಲ್ಲ ಬಲಿತ ಕಬ್ಬಿನ ಲಕ್ಷಣಗಳೇ ಹೌದು. ಆದರೆ ನೀರಿಲ್ಲದೆ ಸೊರಗಿದ ಕಬ್ಬಿನ ಗರಿಯೂ ಹಳದಿಯಾಗುತ್ತದೆ. ಮಠದ ಪಾಠಶಾಲೆಯಲ್ಲಿ ತರ್ಕಪಾಠವಾಗುವಾಗ ಹೊಗೆಯಿಂದ ಬೆಂಕಿಯನ್ನು ಊಹಿಸುವುದಕ್ಕೂ ಬೆಂಕಿಯನ್ನೇ ಕಾಣುವುದಕ್ಕೂ ಇರುವ ಅಂತರವನ್ನು ಗುರುಗಳು ತಿಂಗಳುಗಟ್ಟಲೆ ತಿದ್ದಿ ಕಲಿಸಿದರು. ಗರಿಯ ಬಣ್ಣ ಅನುಮಾನಕ್ಕೆ ಸೇರಿದ್ದು. ಬ್ರಿಕ್ಸ್ ಮೀಟರು ರಸವನ್ನೇ ಮುಟ್ಟಿ ನೋಡುತ್ತದೆ.

ಅದು ನೋಡುವ ಬಗೆ ಸರಳ. ನೀರಿನಲ್ಲಿ ಅದ್ದಿದ ಕೋಲು ಮುರಿದಂತೆ ಕಾಣುವುದನ್ನು ಎಲ್ಲರೂ ಕಂಡಿದ್ದೇವೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಗುವುದರಿಂದ ಹಾಗಾಗುತ್ತದೆ. ಸಕ್ಕರೆ ಕರಗಿದಷ್ಟೂ ನೀರು ಬೆಳಕನ್ನು ಹೆಚ್ಚಾಗಿ ಬಾಗಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧ ನೀರಿನ ವಕ್ರೀಭವನ ಸೂಚ್ಯಂಕ 1.3330, ನೂರಕ್ಕೆ ಇಪ್ಪತ್ತು ಪಾಲು ಸಕ್ಕರೆಯುಳ್ಳ ನೀರಿನದು 1.3639. ನಳಿಗೆಯ ತುದಿಯ ಗಾಜಿನ ಪಟ್ಟಕದ ಮೇಲೆ ಎರಡು ಹನಿ ರಸವನ್ನಿಟ್ಟು, ಮುಚ್ಚಳ ಮುಚ್ಚಿ, ಬೆಳಕಿನತ್ತ ಹಿಡಿದು ನೋಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ನಡುವಿನ ಗೆರೆ ಯಾವ ಅಂಕಿಯ ಮೇಲೆ ನಿಂತಿತೋ ಅದೇ ಬ್ರಿಕ್ಸ್. ಈ ಅಳತೆಗೆ ಹೆಸರು ಬಂದದ್ದು ಜರ್ಮನಿಯ ಗಣಿತಜ್ಞ ಅಡಾಲ್ಫ್ ಬ್ರಿಕ್ಸ್ (1798-1870) ಅವರಿಂದ. ಬೆಳಕಿನ ಬಾಗುವಿಕೆಯಿಂದ ದ್ರವಗಳನ್ನು ಅಳೆಯುವ ಪ್ರಯೋಗಶಾಲೆಯ ಯಂತ್ರವನ್ನು ರೂಪಿಸಿ 1874ರಲ್ಲಿ ಅದರ ವಿವರ ಪ್ರಕಟಿಸಿದವರು ಯೇನಾ ನಗರದ ಅರ್ನ್ಸ್ಟ್ ಅಬ್ಬೆ. ಇಂದು ಹೊಲದಲ್ಲಿ ಹಿಡಿಯುವ ನಳಿಗೆ ಆ ದೊಡ್ಡ ಯಂತ್ರದ ಚಿಕ್ಕ ಸಂತಾನ.

ಇನ್ನು ಕೊಳ್ಳುವ ಮಾತು. ಒಂದೆರಡು ಸಾವಿರ ರೂಪಾಯಿಗೆ ದೊರೆಯುವ ನಳಿಗೆಯೂ ಉಂಟು, ಅದರ ಹತ್ತು ಪಟ್ಟು ಬೆಲೆಯ ಜಪಾನಿನ ಯಂತ್ರವೂ ಉಂಟು. ಅಟಾಗೊ ಮುಂತಾದ ಹೆಸರಾಂತ ಕಂಪನಿಗಳ, ಬ್ಯಾಟರಿಯಿಂದ ಅಂಕಿಯನ್ನೇ ಬೆಳಗಿ ತೋರಿಸುವ ಉಪಕರಣಗಳು ಪ್ರಯೋಗಶಾಲೆಗೆ ಭೂಷಣವೇ. ನಾಲ್ಕು ಮನೆಗಳ ಕೈಯಲ್ಲಿ ಓಡಾಡಿ, ಗದ್ದೆಯ ಕೆಸರಿನಲ್ಲಿ ಎರಡು ಸಲ ಬೀಳಬೇಕಾದ ವಸ್ತುವಿಗೆ ಅಷ್ಟು ಹಣ ಹಾಕುವುದು ನಮ್ಮ ಮನಸ್ಸಿಗೆ ಒಪ್ಪಲಿಲ್ಲ. ಅಗ್ಗದ್ದನ್ನೇ ಕೊಳ್ಳುವುದು, ಆದರೆ ಪರೀಕ್ಷಿಸಿ ಕೊಳ್ಳುವುದು ಎಂದು ನಿರ್ಧರಿಸಿದೆವು.

ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ಅಂಕಿಗಳ ವ್ಯಾಪ್ತಿಯನ್ನು. ಸೊನ್ನೆಯಿಂದ 90ರವರೆಗೆ ಅಳೆಯುವ ನಳಿಗೆ ಕಂಡೊಡನೆ “ಇದು ಹೆಚ್ಚು ಅಳೆಯುತ್ತದೆ, ಇದೇ ಮೇಲು” ಎಂದು ಜನ ಮರುಳಾಗುತ್ತಾರೆ. ಜೇನುತುಪ್ಪವನ್ನೂ ಪಾಕವನ್ನೂ ಅಳೆಯುವವರಿಗೆ ಅದು ಸರಿ. ಕಬ್ಬಿನ ಹಾಲು ಹದಿನೈದು ಇಪ್ಪತ್ತೆರಡರ ನಡುವೆ ಓಡಾಡುವಂಥದು. ಅಷ್ಟೇ ಉದ್ದದ ಪಟ್ಟಿಯಲ್ಲಿ ತೊಂಬತ್ತು ಅಂಕಿಗಳನ್ನು ಇರುಕಿಸಿದರೆ ಗೆರೆಗಳು ಇರುವೆಸಾಲಿನಂತಾಗಿ, ಹತ್ತೊಂಬತ್ತೋ ಇಪ್ಪತ್ತೋ ಹೇಳುವುದೇ ಕಷ್ಟ. ಸೊನ್ನೆಯಿಂದ 32ರವರೆಗೆ, 0.2ರಂತೆ ಗೆರೆ ಹಾಕಿದ ನಳಿಗೆಯೇ ಕಬ್ಬಿಗೆ ತಕ್ಕದ್ದು.

ಈ ನಡುವೆ ಒಂದು ಪ್ರಸಂಗ ಜರುಗಿತು. ನಮ್ಮ ತಮ್ಮನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮನೆಯೊಳಗೆ ಗಾಜಿನ ತೊಟ್ಟಿ ಇರಿಸಿ, ಉಪ್ಪುನೀರು ಕಲಸಿ, ಕಡಲ ಮೀನು ಸಾಕುವ ಹವ್ಯಾಸ ಅವನದು. (ಕಾವೇರಿ ನೀರಿಗೆ ಹಣ ತೆತ್ತು, ಅದಕ್ಕೆ ಉಪ್ಪು ಬೆರೆಸುವ ಈ ವಿನೋದ ನಮ್ಮ ತಲೆಮಾರಿಗೆ ಅರ್ಥವಾಗತಕ್ಕದ್ದಲ್ಲ.) ಬ್ರಿಕ್ಸ್ ಮೀಟರಿನ ಮಾತು ಕಿವಿಗೆ ಬಿದ್ದೊಡನೆ “ದೊಡ್ಡಪ್ಪ, ನನ್ನ ಹತ್ತಿರವೇ ಒಂದಿದೆ, ತರುತ್ತೇನೆ” ಎಂದು ತಂದೇಬಿಟ್ಟ. ನೋಡಲು ಅದೇ ನಳಿಗೆ, ಅದೇ ಮುಚ್ಚಳ, ಅದೇ ತಿರುಪು. ಕಬ್ಬಿನ ಹಾಲು ಹಾಕಿ ನೋಡಿದರೆ ಒಳಗೆಲ್ಲ ಬರಿಯ ಬಿಳುಪು, ಗೆರೆಯೇ ಇಲ್ಲ. ಕೆಟ್ಟಿದೆ ಎಂದರು ಕೆಲವರು. ಅದು ಕೆಟ್ಟಿರಲಿಲ್ಲ. ಸಾವಿರ ಪಾಲಿಗೆ ನೂರು ಪಾಲು ಉಪ್ಪಿನವರೆಗೆ ಮಾತ್ರ ಅಳೆಯುವ ಆ ನಳಿಗೆಯ ಮೇಲಂಚಿನ ಸೂಚ್ಯಂಕ ಸುಮಾರು 1.35, ಇಪ್ಪತ್ತು ಬ್ರಿಕ್ಸಿನ ರಸ ಅದನ್ನು ಮೀರಿ ಹೋಗಿತ್ತು. ಗೆರೆ ಪಟ್ಟಿಯ ಮೇಲುಗಡೆಗೆ ದಾಟಿ ಮರೆಯಾಗಿತ್ತು, ಅಷ್ಟೆ.

ಹುಡುಗನಿಗೂ ಅವನ ನಳಿಗೆಯ ಬಗ್ಗೆ ಒಂದು ಚಿಂತೆಯಿತ್ತು. ಸಮುದ್ರದ ನೀರಿನಲ್ಲಿ ಸಾಮಾನ್ಯವಾಗಿ ಸಾವಿರಕ್ಕೆ 35 ಪಾಲು ಲವಣವಿರುತ್ತದೆ. ಶುದ್ಧ ನೀರು ಹಾಕಿದರೆ ಅವನ ನಳಿಗೆ ಸರಿಯಾಗಿ ಸೊನ್ನೆಯನ್ನೇ ತೋರಿಸುತ್ತಿತ್ತು. ಆದರೆ 35ರ ಅಳತೆಯ ಸಿದ್ಧದ್ರವವೊಂದನ್ನು ತರಿಸಿ ಹಾಕಿದಾಗ ಮೂವತ್ತಾರೂವರೆಯ ಹತ್ತಿರ ನಿಂತಿತು. ಕಾರಣ ಹೀಗೆ: ಅಗ್ಗದ ಇಂಥ ನಳಿಗೆಗಳಲ್ಲಿ ಹಲವನ್ನು ಅಡುಗೆಯ ಉಪ್ಪಿನ ನೀರಿಗೆಂದು ಗೆರೆ ಹಾಕಿರುತ್ತಾರೆ. ಕಡಲಿನಲ್ಲಿ ಅಡುಗೆಯ ಉಪ್ಪೊಂದೇ ಇಲ್ಲ. ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ ಮೊದಲಾದವೂ ಇವೆ. ಅವೆಲ್ಲ ಕೂಡಿದ 35 ಪಾಲು, ಬರಿಯ ಅಡುಗೆಯ ಉಪ್ಪಿನ ಮೂವತ್ತಾರೂವರೆ ಪಾಲಿನಷ್ಟು ಬೆಳಕನ್ನು ಬಾಗಿಸುತ್ತದೆ. ಹೀಗಿರಲಾಗಿ, ನಳಿಗೆಯನ್ನು ನಂಬಿ ತೊಟ್ಟಿಯನ್ನು 35ಕ್ಕೆ ತಂದರೆ ನಿಜವಾಗಿ ಇರುವುದು ಮೂವತ್ತಮೂರೂವರೆ. ಕಾಮಾಲೆಯಾದವನಿಗೆ ಬಿಳಿಯ ಶಂಖ ಹಳದಿಯಾಗಿ ತೋರುವ ದೃಷ್ಟಾಂತವನ್ನು ತರ್ಕಗ್ರಂಥಗಳಲ್ಲಿ ನಾವು ಎಷ್ಟು ಸಲ ಓದಿದ್ದೆವೋ! ಶಂಖದಲ್ಲಿ ದೋಷವಿಲ್ಲ, ಕಣ್ಣೂ ಕುರುಡಾಗಿಲ್ಲ. ನಡುವೆ ಒಂದು ಬಣ್ಣ ಸೇರಿಕೊಂಡಿದೆ.

ಇದರಿಂದ ನಮಗೆ ಒಂದು ಉಪಾಯ ಹೊಳೆಯಿತು. ಸೊನ್ನೆಯಲ್ಲಿ ಸರಿಯಿದ್ದ ಮಾತ್ರಕ್ಕೆ ನಳಿಗೆ ಮೇಲೂ ಸರಿಯಿರುವುದೆಂದು ನಂಬಬಾರದು. ನಮಗೆ ಬೇಕಾದ ಎತ್ತರದಲ್ಲಿಯೇ ಅದನ್ನು ಪರೀಕ್ಷಿಸಬೇಕು. ಕಡಲಿನ ನೀರಿನವರು ಸಿದ್ಧದ್ರವವನ್ನು ಕೊಳ್ಳಬೇಕು, ಕಬ್ಬಿನವರಿಗೆ ಅಡುಗೆಮನೆಯ ಸಕ್ಕರೆಯೇ ಸಾಕು. ಅಕ್ಕಸಾಲಿಗರ ತಕ್ಕಡಿಯಲ್ಲಿ 20 ಗ್ರಾಂ ಒಣಗಿದ ಬಿಳಿಯ ಹರಳು ಸಕ್ಕರೆ, 80 ಗ್ರಾಂ ಬಟ್ಟಿಯಿಳಿಸಿದ ನೀರು ತೂಗಿ ಕರಗಿಸಿದರೆ ಅದೇ ಇಪ್ಪತ್ತು ಬ್ರಿಕ್ಸ್. ಇಲ್ಲಿ ತೂಕವೇ ಮುಖ್ಯ. ಲೋಟದಲ್ಲಿ ಸಕ್ಕರೆ ಹಾಕಿ ನೂರು ಮಿಲಿಲೀಟರ್ ಗೆರೆಯವರೆಗೆ ನೀರು ತುಂಬಿದರೆ ಹದಿನೆಂಟೂವರೆಯ ಆಸುಪಾಸಿನ ದ್ರಾವಣ ಸಿಗುತ್ತದೆ. ಆಮೇಲೆ ಒಳ್ಳೆಯ ನಳಿಗೆಯನ್ನು ವೃಥಾ ದೂಷಿಸುವಂತಾಗುತ್ತದೆ. ಬಟ್ಟಿಯಿಳಿಸಿದ ನೀರು ಎಲ್ಲಿಂದ ಎಂದರೆ, ಟ್ರಾಕ್ಟರಿನ ಬ್ಯಾಟರಿಗೆ ಹಾಕುವ ನೀರು ಪೇಟೆಯಲ್ಲಿ ಸಿಕ್ಕೇ ಸಿಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಲವಣವಿದ್ದರೂ ಗೆರೆ ಸುಮಾರು 0.1 ಏರುತ್ತದೆ.

ಎರಡನೆಯ ಪರೀಕ್ಷೆ ಉಷ್ಣತೆಯದು. ಇದರಲ್ಲಿಯೇ ಅಗ್ಗದ ಸರಕಿನ ಬಣ್ಣ ಬಯಲಾಗುವುದು. ನಳಿಗೆಯ ಗೆರೆಗಳೆಲ್ಲ 20 ಡಿಗ್ರಿಗೆ ಹಾಕಿದವು. ಬಿಸಿಯಾದ ದ್ರವ ಬೆಳಕನ್ನು ಕಡಿಮೆ ಬಾಗಿಸುವುದರಿಂದ, 30 ಡಿಗ್ರಿಯ ಬಿಸಿಲಿನಲ್ಲಿ ಇಪ್ಪತ್ತರ ರಸವು ಸುಮಾರು 0.8ರಷ್ಟು ಕಡಿಮೆ ತೋರಿಸುತ್ತದೆ. ಇದನ್ನು ತಾನೇ ಸರಿದೂಗಿಸುವ ಲೋಹದ ಪಟ್ಟಿಯೊಂದನ್ನು ಒಳ್ಳೆಯ ನಳಿಗೆಗಳಲ್ಲಿ ಇಟ್ಟಿರುತ್ತಾರೆ, ಮೈಮೇಲೆ ಎ.ಟಿ.ಸಿ. ಎಂದು ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಅದು 10ರಿಂದ 30 ಡಿಗ್ರಿಯೊಳಗೆ ಕೆಲಸ ಮಾಡುತ್ತದೆ. ಅಚ್ಚಾದ ಅಕ್ಷರವಿದ್ದ ಮಾತ್ರಕ್ಕೆ ಒಳಗೆ ಪಟ್ಟಿಯಿರಲೇಬೇಕೆಂದಿಲ್ಲ. ಆದಕಾರಣ ಬೆಳಗಿನ ತಂಪಿನಲ್ಲಿ ಬ್ಯಾಟರಿ ನೀರು ಹಾಕಿ ಸೊನ್ನೆಗೆ ತಂದು, ಅದೇ ನೀರನ್ನು ಹೊತ್ತೇರಿದ ಮೇಲೆ ಇನ್ನೊಮ್ಮೆ ಹಾಕಿ ನೋಡಬೇಕು. ಗೆರೆ ಕದಲದಿದ್ದರೆ ನಳಿಗೆ ಸತ್ಯವಂತ. ಸೊನ್ನೆಯ ಕೆಳಕ್ಕೆ ಜಾರಿದರೆ ಅಚ್ಚಾದ ಅಕ್ಷರ ಬರಿಯ ಅಲಂಕಾರ.

ಹಾಗೆಂದು ಪಟ್ಟಿಯಿಲ್ಲದ ನಳಿಗೆ ಅಪ್ರಯೋಜಕವೆನ್ನಲಾಗದು. ಅಳೆಯುವ ಸ್ಥಳದಲ್ಲಿಯೇ, ಅಳೆಯುವ ಹೊತ್ತಿನಲ್ಲಿಯೇ ನೀರು ಹಾಕಿ ತಿರುಪನ್ನು ತಿರುಗಿಸಿ ಸೊನ್ನೆಗೆ ತಂದುಕೊಂಡರೆ ಉಷ್ಣತೆಯ ದೋಷದಲ್ಲಿ ಬಹುಪಾಲು ಕಳೆದುಹೋಗುತ್ತದೆ, ಏಕೆಂದರೆ ನೀರೂ ರಸವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕೆಳಗಿಳಿಯುತ್ತವೆ. ಹೊತ್ತು ಬದಲಾದಂತೆ ಮತ್ತೆ ಮತ್ತೆ ಸರಿಪಡಿಸುವ ತಾಳ್ಮೆ ಬೇಕು, ಅಷ್ಟೆ.

ನಾವು ಪರೀಕ್ಷಿಸಿದ್ದು ಮೂರು ನಳಿಗೆಗಳನ್ನು. ತೊಂಬತ್ತರವರೆಗಿನ ಒಂದನ್ನು ಮೊದಲೇ ಬದಿಗಿಟ್ಟೆವು. ಎರಡನೆಯದು ಸಕ್ಕರೆ ನೀರಿನಲ್ಲಿ ಇಪ್ಪತ್ತೊಂದನ್ನು ದಾಟಿತು, ಹಿಂದಿರುಗಿಸಲಾಯಿತು. ಮೂರನೆಯದು ಸಾವಿರದ ಎಂಟುನೂರು ರೂಪಾಯಿಯದು. ಮೊದಲು ಸೊನ್ನೆಗಿಂತ 0.4 ಮೇಲಿತ್ತು, ತಿರುಪಿನಿಂದ ಸರಿಪಡಿಸಿದ ಮೇಲೆ ಸಕ್ಕರೆ ನೀರಿಗೆ ಇಪ್ಪತ್ತು ಎಂದಿತು, ಮಧ್ಯಾಹ್ನದಲ್ಲಿಯೂ ಇಪ್ಪತ್ತೇ ಎಂದಿತು. ಅದನ್ನೇ ಉಳಿಸಿಕೊಂಡೆವು. ಕೂಡಿಸಿದ ಹಣದಲ್ಲಿ ಮಿಕ್ಕ ಇನ್ನೂರು ರೂಪಾಯಿ ಬ್ಯಾಟರಿ ನೀರಿಗೂ ಮೃದುವಾದ ಬಟ್ಟೆಗೂ ಸಂದಿತು.

ಆ ತಾಯಿಯ ಗದ್ದೆಗೆ ಹೋದದ್ದು ಬೆಳಿಗ್ಗೆ ಎಂಟು ಗಂಟೆಗೆ. ನೀರು ಹಾಯಿಸಿದ ಮಾರನೆಯ ದಿನ ಅಳೆದರೆ ರಸ ತೆಳುವಾಗಿ ತೋರುವುದರಿಂದ, ಒಂದು ವಾರ ನೀರು ಬಿಟ್ಟಿರಲಿಲ್ಲ. ಬದುವಿನ ಪಕ್ಕದ ಕಬ್ಬನ್ನು ಮುಟ್ಟದೆ, ನಡುಗದ್ದೆಯಲ್ಲಿ ಅಲ್ಲಲ್ಲಿ ಐದು ಜಲ್ಲೆಗಳನ್ನು ಆರಿಸಿ, ಪ್ರತಿಯೊಂದರ ಬುಡ, ನಡು, ತುದಿಗಳ ರಸವನ್ನು ಬೇರೆ ಬೇರೆಯಾಗಿ ಹಿಂಡಿ, ಬಟ್ಟೆಯಲ್ಲಿ ಸೋಸಿ ನೋಡಿದೆವು. ಸೋಸದಿದ್ದರೆ ಮಡ್ಡಿಯಿಂದಾಗಿ ಗೆರೆ ಮಸುಕಾಗುತ್ತದೆ. ಸರಾಸರಿಯಲ್ಲಿ ಬುಡ 20.4, ನಡು 20.0, ತುದಿ 17.2.

ಮೈದುನ ಬುಡದ ಅಂಕಿಯನ್ನು ಹಿಡಿದು “ನೋಡಿ, ಬಲಿತಿದೆ” ಎಂದರು. ಅಣ್ಣ ತುದಿಯದನ್ನು ಹಿಡಿದರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು! ಕಬ್ಬು ಬುಡದಿಂದ ಮೇಲಕ್ಕೆ ಸಿಹಿ ತುಂಬಿಕೊಳ್ಳುತ್ತ ಹೋಗುತ್ತದೆ. ತುದಿಯ ಅಂಕಿ ಬುಡದ ಅಂಕಿಗೆ ಸಮೀಪಿಸಿದಾಗ ಇಡೀ ಜಲ್ಲೆ ಬಲಿತಂತೆ. ತುದಿಯದನ್ನು ಬುಡದ್ದರಿಂದ ಭಾಗಿಸಿದರೆ 0.84 ಬಂತು. ಒಂದರ ಹತ್ತಿರಕ್ಕೆ ಬರಬೇಕು. ತುದಿ ಬುಡವನ್ನು ಮೀರಿದರೆ ಕಬ್ಬು ಬಲಿತು ಇಳಿಮುಖವಾಗಿದೆ ಎಂದು ಅರ್ಥ.

ಕಾಯುವುದರಿಂದ ಏನು ಲಾಭವೆಂದು ಆಕೆ ಕೇಳಿದರು. ಆಲೆಮನೆಯ ಗಾಣದಲ್ಲಿ ಟನ್ನು ಕಬ್ಬಿಗೆ 600 ಕಿಲೋ ರಸ ಬಂದಿತೆಂದು ಇಟ್ಟುಕೊಳ್ಳೋಣ. ರಸ ಹದಿನೇಳು ಬ್ರಿಕ್ಸಿನದಾದರೆ ಅದರಲ್ಲಿ ಕರಗಿರುವ ಘನಪದಾರ್ಥ 102 ಕಿಲೋ, ಇಪ್ಪತ್ತರದಾದರೆ 120. ಮಡ್ಡಿ ತೆಗೆದು, ಉಳಿವ ತೇವ ಸೇರಿಸಿ ಲೆಕ್ಕ ಸ್ವಲ್ಪ ಆಚೀಚೆಯಾದೀತು. ಆದರೂ ಟನ್ನಿಗೆ ಹದಿನೆಂಟು ಕಿಲೋ ಎಂಬುದು ಬಡಮನೆಗೆ ಸಣ್ಣ ಅಂತರವಲ್ಲ. ಅವಳ ಹೊಲದ ಸರಾಸರಿ ಹದಿನೇಳಕ್ಕಿಂತ ಮೇಲೆಯೇ ಇತ್ತು. ಲಾಭ ಅಷ್ಟು ಬಾರದಿದ್ದರೂ ಅದರ ಒಂದು ಪಾಲಾದರೂ ಬಂದೀತು.

ಕಾರ್ಖಾನೆಗೆ ಹಾಕುವುದಾದರೆ ಲೆಕ್ಕವೇ ಬೇರೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಗೊತ್ತುಪಡಿಸಿದ ನ್ಯಾಯಸಮ್ಮತ ದರ ಕ್ವಿಂಟಲಿಗೆ 355 ರೂಪಾಯಿ. ಅದು ನೂರಕ್ಕೆ 10.25ರ ಸಕ್ಕರೆ ಇಳುವರಿಗೆ ಕಟ್ಟಿದ ದರ. ಆ ಇಳುವರಿಯನ್ನು ಇಡೀ ಕಾರ್ಖಾನೆಯ ಒಟ್ಟು ಲೆಕ್ಕದಿಂದ ತೆಗೆಯುತ್ತಾರೆಯೇ ಹೊರತು ಒಬ್ಬೊಬ್ಬರ ಹೊಲದಿಂದಲ್ಲ. ಸಿಹಿಯಾದ ಕಬ್ಬು ಬೆಳೆದವನಿಗೂ ಸಪ್ಪೆ ಕಬ್ಬಿನವನಿಗೂ ತಕ್ಕಡಿಯ ಮುಂದೆ ಒಂದೇ ಬೆಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಈ ಸೀಮೆಯ ರೈತನಿಗೆ ತೂಕದ ಮೇಲಿರುವ ನಿಗಾ ಸಿಹಿಯ ಮೇಲೆ ಬೆಳೆಯದಿರುವುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ. ಕಾರ್ಖಾನೆಗೇ ಎಲ್ಲವನ್ನೂ ಸಾಗಿಸುವವರಿಗೆ ಸ್ವಂತ ಬ್ರಿಕ್ಸ್ ಮೀಟರು ಅಗತ್ಯವೆಂದು ನಾವು ಹೇಳುವುದಿಲ್ಲ. ಬೆಲ್ಲದಲ್ಲಿ ಪಾಲು ಪಡೆಯುವವರಿಗೆ ಅಗತ್ಯ.

ಮೂರು ವಾರ ಕಾದರು. ಆ ಇಪ್ಪತ್ತೊಂದು ದಿನ ಆಕೆಗೆ ಹಗುರವಾಗಿರಲಿಲ್ಲ. ಆಲೆಮನೆಯವರು ಬೇರೆ ಹೊಲಕ್ಕೆ ಹೋದರೆ ಗತಿಯೇನು ಎಂಬ ಭಯ ಒಂದೆಡೆ, ಇತ್ತ ಸಂಘದ ಕಂತು. ಎರಡನೆಯ ಅಳತೆಯಲ್ಲಿ ಬುಡ 21.0, ತುದಿ 19.8 ಬಂತು, ಭಾಗಲಬ್ಧ 0.94. ಮರುದಿನವೇ ಕಡಿಯಲು ಹೇಳಿದೆವು. ಮೈದುನರೇ ಆಳುಗಳನ್ನು ಕರೆತಂದರು.

ಕಡಿದ ಮೇಲಿನ ಎಚ್ಚರವನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಬ್ರಿಕ್ಸ್ ಅಳೆಯುವುದು ರಸದಲ್ಲಿ ಕರಗಿದ ಎಲ್ಲವನ್ನೂ, ಸಕ್ಕರೆಯೊಂದನ್ನೇ ಅಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ಬಿದ್ದಿದ್ದರೆ ನೀರು ಆರಿ ಅಂಕಿ ದಿನೇ ದಿನೇ ಏರುತ್ತದೆ. ಅದನ್ನು ಕಂಡು ಹಿಗ್ಗಬಾರದು. ಒಳಗೆ ಸಕ್ಕರೆಯು ಒಡೆದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗುತ್ತಿರುತ್ತದೆ. ಅವು ಹೆಚ್ಚಾದಷ್ಟೂ ಬೆಲ್ಲ ಗಟ್ಟಿಯಾಗಿ ಕಟ್ಟದೆ ಜಿಗುಟಾಗುತ್ತದೆ. ನಳಿಗೆಗೆ ಈ ಭೇದ ತಿಳಿಯದು. ಶುದ್ಧ ಸಕ್ಕರೆಯನ್ನೇ ಬೇರ್ಪಡಿಸಿ ಅಳೆಯಲು ಪೋಲಾರಿಮೀಟರ್ ಎಂಬ ಬೇರೆಯ ಯಂತ್ರ ಬೇಕು. ಅದು ಕಾರ್ಖಾನೆಯ ಪ್ರಯೋಗಶಾಲೆಯ ವಸ್ತು. ಕಡಿದ ದಿನವೇ, ತಪ್ಪಿದರೆ ಮರುದಿನವೇ ಗಾಣಕ್ಕೆ ಹಾಕುವುದು ಒಳ್ಳೆಯದು. ಆ ಮನೆಯವರು ಹಾಗೆಯೇ ಮಾಡಿದರು. ಬೆಲ್ಲ ಅಚ್ಚಿನಿಂದ ಅಂಚು ಮುರಿಯದೆ ಎದ್ದು ಬಂತು.

ನಳಿಗೆ ಈಗ ತಿಂಗಳಿಗೊಂದು ಮನೆಯಂತೆ ಸುತ್ತುತ್ತಿದೆ. ಯಾರ ಮನೆಯಲ್ಲಿದ್ದರೂ ಪಾಲಿಸತಕ್ಕ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದೇವೆ. ಕೊಪ್ಪರಿಗೆಯ ಬಿಸಿ ರಸವನ್ನು ಅದರ ಮೇಲೆ ಸುರಿಯಬಾರದು. ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ನೀರು ಒಳಹೊಕ್ಕರೆ ಗಾಜು ಮಂಜಾಗುತ್ತದೆ. ಹೆಗಲ ಟವೆಲ್ಲಿನಿಂದ ಒರೆಸಬಾರದು, ಅದರಲ್ಲಿರುವ ಮರಳಿನ ಕಣ ಪಟ್ಟಕವನ್ನು ಗೀರುತ್ತದೆ. ಒದ್ದೆ ಮಾಡಿದ ಮೃದುವಾದ ಬಟ್ಟೆಯಿಂದ ಒರೆಸಿ, ಒಣಗಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಇಡಬೇಕು. ಸಿಹಿ ಉಳಿದಿದ್ದರೆ ರಾತ್ರಿಯೊಳಗೆ ಇರುವೆಗಳು ಪೆಟ್ಟಿಗೆಯನ್ನು ಹುಡುಕಿಕೊಂಡು ಬರುತ್ತವೆ. ಕಳೆದ ತಿಂಗಳು ಬಂದಿದ್ದುವು ಕೂಡ. ಸಕ್ಕರೆ ನೀರಿನ ಪರೀಕ್ಷೆಯನ್ನು ಹಂಗಾಮಿನ ಮೊದಲಲ್ಲಿ ಒಮ್ಮೆ, ನಳಿಗೆ ಕೆಳಗೆ ಬಿದ್ದಾಗ ಒಮ್ಮೆ ಮಾಡಬೇಕು. ದ್ರಾವಣವನ್ನು ಅಂದೇ ಕಲಸಿಕೊಳ್ಳುವುದು, ಇಟ್ಟರೆ ಹುಳಿಯುತ್ತದೆ.